ಲಕ್ಷ್ಮಯ್ಯನ ಎಂಡ, ಊರಿನ ಸಂಘ

ಅರವತ್ತನೇ ಇಸವಿಯ ಆಸುಪಾಸಿನ ಮಾತು. ವಿದುರಾಶ್ವತ್ಥಕ್ಕೆ ದಿನಾ ಜನ ಬರುತ್ತಿದ್ದರು. ಅಶ್ವತ್ಥ ಮರ ಸುತ್ತಿ, ನಾಗರಕಲ್ಲಿಗೆ ಹಾಲೆರೆದು, ಮುಂದಿನ ಬಸ್ಸಿಗೇ ವಾಪಸು. ನೀರೆಲ್ಲಿ, ನೆರಳೆಲ್ಲಿ ಎಂದು ಹೇಳುವವರೇ ಇಲ್ಲ. ಮೂವತ್ತೆಂಟರಲ್ಲಿ, ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ, ಬಾವುಟ ಹಾರಿಸಲು ಇಲ್ಲಿ ಸೇರಿದ್ದವರ ಮೇಲೆ ಪೊಲೀಸರ ಗುಂಡು ಹಾರಿದ್ದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಅವತ್ತು ಆ ಗುಂಪಿನಲ್ಲಿದ್ದ ಲಕ್ಷ್ಮಯ್ಯನಿಗೆ ಇದೇ ಸಂಕಟ. ಸತ್ತವರನ್ನು ಹೀಗೆ ಮರೆತರೆ ಹೇಗೆ?

"ಅದಕ್ಕೇ ಒಂದು ಪ್ರವಾಸಿ ಸಂಘ ಮಾಡಣ ಲಕ್ಷ್ಮಯ್ಯಪ್ಪ," ಎಂದರು ಸ್ಕೂಲಿನ ಶ್ಯಾಮಲಮ್ಮ ಟೀಚರು. "ಸರದಿ ಮೇಲೆ ಒಂದೊಂದು ಮನೆಯವರು ನಿಂತು ನೀರು ಕೊಡೋದು, ಜಾಗ ತೋರ್ಸೋದು, ನಡೆದದ್ದು ಹೇಳೋದು. ಹೆಂಗೆ ಹೇಳ್ಬೇಕು ಅಂತ ಮೊದ್ಲೇ ಕೂತು ಮಾತಾಡ್ಕೊಳ್ಳೋದು."

"ನೀರು ಕೊಡೋಕೆ ಸಂಘ ಯಾಕಮ್ಮ? ಚೊಂಬು ಸಾಲ್ದಾ? ಮಾತಾಡೋಕೂ ಮೀಟಿಂಗಾ? ನನ್ನ ನಾಲ್ಗೆ ನೆಟ್ಟಗೇ ಐತೆ!"

"ನಿಮ್ ನಾಲ್ಗೆ ವಿಷ್ಯ ನನ್ನ ಕೇಳ್ಬೇಕು," ಎಂದಳು ಹೆಂಡತಿ ಚಿಕ್ಕಮುನಿಯಮ್ಮ.

ಮಾರನೇ ದಿನ ಮೈಸೂರು ಕಡೆಯ ಒಂದು ಸಂಸಾರ ಬಂತು. ಅಜ್ಜಿ, ಮಗ, ಸೊಸೆ. ಬಿಸಿಲಿಗೆ ನೆತ್ತಿ ಸುಡುತ್ತಿತ್ತು. ಆಂಧ್ರ ಕೂಗಳತೆಯಲ್ಲಿರುವಾಗ ನಮ್ಮವರ ಬಾಯಿಗೆ ತೆಲುಗು ಹೇಳದೆ ಕೇಳದೆ ನುಗ್ಗುತ್ತದೆ ನೋಡಿ. ಲಕ್ಷ್ಮಯ್ಯ ಜಗಲಿಯಿಂದಲೇ ಬಾಯ್ತುಂಬ ಕರೆದ.

"ಬನ್ನಿ ಬನ್ನಿ! ನಮ್ಮೂರಾಗೆ ಎಂಡ ಬಲು ಜಾಸ್ತಿ! ಒಳಕ್ಕೆ ಬನ್ನಿ, ನಾಚ್ಕೋಬೇಡಿ!"

ಅಜ್ಜಿ ಕಿವಿ ಮುಚ್ಚಿಕೊಂಡರು. "ಶಿವ ಶಿವಾ! ದೇವಸ್ಥಾನದ ಎದುರಿಗೇ ಹೆಂಡ ಕುಡಿಯೋಕೆ ಕರೀತಾನಲ್ಲೋ!"

ಮೂವರೂ ರಸ್ತೆಯ ಕಡೆಗೆ ದಾಪುಗಾಲು ಹಾಕಿದರು. ಲಕ್ಷ್ಮಯ್ಯ ಚೊಂಬು ಹಿಡಿದು ಬೆನ್ನು ಹತ್ತಿದ. "ಅಮ್ಮಾ, ಒಂದು ಗುಟುಕಾದ್ರೂ ಕುಡ್ದು ಹೋಗ್ರಮ್ಮಾ!" ಅವನು ಓಡಿದಷ್ಟೂ ಅವರೂ ಓಡಿದರು. ಅಯ್ಯೋ, ಆ ವಯಸ್ಸಿನಲ್ಲಿ ಅಜ್ಜಿಯ ಓಟವೇ!

ಪುಣ್ಯಕ್ಕೆ ರಸ್ತೆಯಲ್ಲಿ ಟೀಚರು ಎದುರಾದರು. ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೆಂಡ ಅಲ್ಲಮ್ಮ! ತೆಲುಗಲ್ಲಿ ಎಂಡ ಅಂದ್ರೆ ಬಿಸ್ಲು. ಚೊಂಬಲ್ಲಿರೋದು ಬಾವಿ ನೀರು."

ಅಜ್ಜಿ ಮೂಸಿ ನೋಡಿಯೇ ಕುಡಿದರು.

ಎಲ್ಲರೂ ಮರದ ಬುಡಕ್ಕೆ ಮರಳಿದರು. ಲಕ್ಷ್ಮಯ್ಯ ಅವತ್ತಿನದನ್ನು ಹೇಳತೊಡಗಿದ. ಬಾವುಟ, ಪೊಲೀಸರು, ಗುಂಡು, ಪಕ್ಕದಲ್ಲೇ ಬಿದ್ದವರು. ಹೇಳುತ್ತ ಹೇಳುತ್ತ ಅವರು ಬಿದ್ದ ಜಾಗವನ್ನು ಬೆರಳು ಮಾಡಿ ತೋರಿಸಿದ. ಅಜ್ಜಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಇದನ್ನ ಕೇಳ್ದೇನೇ ಬಸ್ ಹತ್ಬಿಡ್ತಿದ್ನಲ್ಲಪ್ಪಾ."

ಆ ಮಾತು ಲಕ್ಷ್ಮಯ್ಯನಿಗೆ ನಾಟಿತು. ಟೀಚರ ಕಡೆ ತಿರುಗಿದ. "ಒಬ್ಬನ ಕೈಲಿ ಆಗಾಕಿಲ್ಲಮ್ಮ. ಸಂಘಕ್ಕೆ ನನ್ನೂ ಸೇರಿಸ್ಕೊಳ್ಳಿ. ಹೆಂಗೆ ಕರೀಬೇಕು ಅಂತ ಮೊದ್ಲು ನಂಗೇ ಕಲಿಸಿ."

"ನಾನೂ ಸೇರ್ತೀನಿ," ಎಂದಳು ಅಷ್ಟೊತ್ತಿಗೆ ಓಡಿಬಂದಿದ್ದ ಚಿಕ್ಕಮುನಿಯಮ್ಮ. "ಇವರನ್ನ ಕಾಯೋಕೆ ಒಬ್ರು ಬೇಕಲ್ಲ!"

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಿಗೂ ದೂರದಿಂದ ಜನ ಬರುತ್ತಾರೆ. ಅವರಿಗೆ ನೀರು, ನೆರಳು, ಚೊಕ್ಕಟವಾದ ಜಾಗ ಬೇಕು, ಊರಿನ ನಿಜ ಹೇಳುವವರು ಬೇಕು. ಅಕ್ಕಪಕ್ಕದವರನ್ನು ಕರೆಯಿರಿ, ಇವತ್ತೇ ಸಂಘ ಕಟ್ಟಿ. ನಿಮ್ಮ ಮಣ್ಣಿಗಾಗಿ ಪ್ರಾಣ ಕೊಟ್ಟವರ ಸುದ್ದಿ ಬಂದವರ ಕಿವಿಗೆ ಬೀಳದೆ ನಿಮ್ಮೂರಿನಿಂದ ಯಾವ ಬಸ್ಸೂ ಹೊರಡದಿರಲಿ.