ಒಂದೇ ರಿಂಗಿನ ಎರಡು ಕೀಗಳು

ಬೈಕಿನ ಕೀ ಕಳೆದುಹೋಯಿತು ಎಂದು ಆಕೆ ಯಾರಿಗೂ ಹೇಳಿರಲಿಲ್ಲ. ಹಾಗೆ ಹೇಳಿಕೊಂಡು ತಿರುಗಿದವನು ಆಕೆಯ ಗಂಡ.

ಗುರುವಾರ ಸಂಜೆ ಹೊರಗೆ ಹೊರಟವನು ಬಾಗಿಲ ಪಕ್ಕದ ಮೊಳೆ ನೋಡಿದ, ಜೇಬು ತಡಕಿದ, ಹಜಾರದ ಉದ್ದನೆಯ ಶೆಲ್ಫಿನ ಮುಂದೆ ನಿಂತು ಕನ್ನಡಕದ ಡಬ್ಬಿ, ಹಳೇ ಪೇಪರು, ಟಾರ್ಚು ಎಲ್ಲವನ್ನೂ ಎತ್ತಿ ಎತ್ತಿ ಇಟ್ಟ. "ಕೀ ಎಲ್ಲೂ ಕಾಣ್ತಿಲ್ಲ ಕಣೇ" ಅಂದ. ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದ ಆಕೆಗೆ ಬಂದ ಕೂಡಲೇ ಕಂಡಿತು. ಅದೇ ಶೆಲ್ಫಿನ ಎಡತುದಿಯಲ್ಲಿ, ಅಡ್ಡಿ ಆತಂಕ ಏನೂ ಇಲ್ಲದ ಜಾಗದಲ್ಲಿ, ಹಿತ್ತಾಳೆಯ ರಿಂಗು, ರಿಂಗಿನಲ್ಲಿ ಎರಡು ಕೀ.

ಎರಡನ್ನೂ ಒಂದೇ ರಿಂಗಿಗೆ ಹಾಕಿದ್ದು ಗಂಡನದೇ ಬುದ್ಧಿ. ಗಾಡಿ ಹೊಸದಾಗಿದ್ದಾಗ ಒಂದನ್ನು ಬೀರುವಿನಲ್ಲಿಡೋಣ ಎಂದು ಆಕೆ ಗೋಗರೆದಿದ್ದಳು. ಬೇರೆ ಬೇರೆ ಇಟ್ಟರೆ ಒಂದಲ್ಲ ಒಂದು ಕಳೆಯುತ್ತದೆ, ಜೊತೆಗಿದ್ದರೆ ಒಂದನ್ನೊಂದು ಕಾಯುತ್ತವೆ ಎಂದು ಆತ ಆಕೆಯ ಬಾಯಿ ಮುಚ್ಚಿಸಿದ್ದ. ಮಗಳು ಇವತ್ತಿಗೂ ಆ ಮಾತು ಎತ್ತಿ ನಗುತ್ತಾಳೆ.

"ಅಲ್ಲೇ ಇದೆಯಲ್ರೀ" ಎಂಬುದು ಆಕೆಯ ನಾಲಿಗೆಯ ತುದಿಯವರೆಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಗಂಡ ಶೆಲ್ಫಿನ ಮೇಲೆ ಮತ್ತೊಮ್ಮೆ ಕಣ್ಣು ಹಾಯಿಸುತ್ತಿದ್ದ. ಬಲತುದಿಯಿಂದ ಹೊರಟ ನೋಟ ನಡುವಿನ ಟಾರ್ಚಿನವರೆಗೆ ಬಂದು, ಶೆಲ್ಫು ಅಲ್ಲಿಗೇ ಮುಗಿಯಿತೆಂಬಂತೆ ಹಿಂದಕ್ಕೆ ಹೋಯಿತು. ಇನ್ನೊಂದು ಸಲ ಬಂತು, ಮತ್ತೆ ಟಾರ್ಚಿನ ಹತ್ತಿರವೇ ತಿರುಗಿತು. "ಕಾಣ್ತಿಲ್ವಾ?" ಎಂದಷ್ಟೇ ಕೇಳಿದಳು. "ಅದನ್ನೇ ತಾನೆ ನಾನೂ ಹೇಳ್ತಿರೋದು" ಎಂದು ಆತ ರೇಗಿದ.

ಕೆಲವು ವಾರಗಳಿಂದ ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಂಡನನ್ನು ನೋಡುತ್ತಿದ್ದಳು. ತಟ್ಟೆಯ ಬಲಭಾಗ ಖಾಲಿ ಮಾಡಿ, ಎಡಭಾಗದ್ದನ್ನು ಹಾಗೇ ಬಿಟ್ಟು ಕೈ ತೊಳೆಯಲು ಏಳುತ್ತಿದ್ದ. ಒಂದು ದಿನ ಆಕೆ ಮಾತಿಲ್ಲದೆ ತಟ್ಟೆಯನ್ನು ಅರ್ಧಸುತ್ತು ತಿರುಗಿಸಿ ಇಟ್ಟಳು. "ಇದೆಲ್ಲ ಯಾವಾಗ ಬಡಿಸಿದೆ?" ಎಂದು ಆತ ಮತ್ತೆ ಕೂತು ಉಂಡ. ಎಡಭುಜ ಬಾಗಿಲ ಚೌಕಟ್ಟಿಗೆ ಬಡಿದಾಗಲೆಲ್ಲ ಬಡಗಿಗೆ ಬೈಗುಳ ಬೀಳುತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದರೆ, ಕನ್ನಡಕದ ಅಂಗಡಿಯಲ್ಲಿ ಕೊನೆಯ ಸಾಲಿನ ಸಣ್ಣಕ್ಷರವನ್ನೂ ಪಟಪಟನೆ ಓದಿ ಬಂದಿದ್ದೇನೆ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಆಕೆಯ ಆತಂಕಗಳಿಗೆ ಆ ಮನೆಯಲ್ಲಿ ಬೆಲೆ ಕಡಿಮೆ. ದಿನ ಬೆಳಗಾದರೆ ಯಾವುದಾದರೊಂದು ಬಿರುಗಾಳಿಯ ಮುನ್ಸೂಚನೆ ಕೊಡುತ್ತಾಳೆಂದು ಗಂಡ ಆಕೆಗೆ ಹವಾಮಾನ ಇಲಾಖೆ ಎಂದು ಹೆಸರಿಟ್ಟಿದ್ದ.

ಆ ಗುರುವಾರ ಮಾತ್ರ ಇಲಾಖೆ ಬಾಯಿಗೆ ಬೀಗ ಹಾಕಿಕೊಂಡು ಕೂತಿತು. ಕಾರಣ ಸೋಮವಾರ. ಮಗಳಿಗೆ ಎರಡನೇ ಹೆರಿಗೆಯಾಗಿತ್ತು, ಅಳಿಯನಿಗೆ ಬೆಳಗಿನ ಪಾಳಿ. ಸೋಮವಾರದಿಂದ ಮೊಮ್ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಡುವುದು ತಾತನ ಕೆಲಸ ಎಂದು ತೀರ್ಮಾನವಾಗಿಹೋಗಿತ್ತು. ಸ್ಕೂಲಿನ ದಾರಿಯಲ್ಲಿ ಬಸ್ಸುಗಳು ಎಡಗಡೆಯ ರಸ್ತೆಯಿಂದ ನುಗ್ಗುವ ದೊಡ್ಡ ಸರ್ಕಲ್ಲಿದೆ. ಕೀ ಸಿಗದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಆಕೆ ಅದನ್ನು ಬಚ್ಚಿಡಲಿಲ್ಲ, ಮುಟ್ಟಲೂ ಇಲ್ಲ. ಶುಕ್ರವಾರ ಶೆಲ್ಫಿನ ಧೂಳು ಒರೆಸುವಾಗಲೂ ರಿಂಗಿನ ಸುತ್ತ ಬಳಸಿಕೊಂಡು ಒರೆಸಿದಳು.

ಶನಿವಾರ ಬೆಳಿಗ್ಗೆ ಗಂಡ ಛತ್ರಿಯನ್ನು ಕರೆತಂದ. ಛತ್ರಿ ಎಂದರೆ ಬೀದಿಯ ತಿರುವಿನಲ್ಲಿ ದೊಡ್ಡ ಕಪ್ಪು ಕೊಡೆಯ ಕೆಳಗೆ ಕೂತು ಕೀ ಮಾಡಿಕೊಡುವವನು. "ಜನ ನನ್ನ ಛತ್ರಿ ಅಂತಾರೆ, ನಾನು ಬರೀ ಛತ್ರಿ ಕೆಳಗಿರೋನು" ಎಂದು ಹೊಸಬರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದ. ಇವರಿಗೂ ಹೇಳಿದ.

ಹ್ಯಾಂಡಲ್ ಲಾಕ್ ಆದ ಗಾಡಿಯನ್ನು ಅಂಗಡಿಗೆ ತಳ್ಳಿಕೊಂಡು ಹೋಗುವಂತಿರಲಿಲ್ಲ. ಇಲ್ಲೇ ಬೀಗ ಬಿಚ್ಚಿಕೊಂಡು ಹೋಗಿ, ಒಳಗಿನ ಹಲ್ಲುಗಳ ಎತ್ತರ ನೋಡಿ ಹೊಸ ಕೀಗೆ ಅರ ಹಾಕುತ್ತೇನೆ, ಸಂಜೆಗೆ ತಂದು ಕೂರಿಸುತ್ತೇನೆ ಎಂದು ವಿವರಿಸಿ, ಅಂಗಳದಲ್ಲಿ ಒಂದು ಬಟ್ಟೆ ಹಾಸಿ ಸಾಮಾನುಗಳನ್ನು ಸಾಲಾಗಿ ಜೋಡಿಸಿದ. ಗಂಡ ಸ್ಟೂಲು ಹಾಕಿಕೊಂಡು ಅದರ ಮುಂದೆ ಕೂತ, ಕೇಳಿದ್ದನ್ನು ಎತ್ತಿಕೊಡಲು. ಆಕೆ ಕಿಟಕಿಯ ಹಿಂದೆ ನಿಂತಳು.

ಹೆಡ್‌ಲೈಟಿನ ಮೇಲಿನ ಕವಚ ಬಿಚ್ಚಿಬಂತು. ವೈರುಗಳ ಜೋಡಣೆ ಕಳಚಿತು. ಬೀಗ ಹಿಡಿದಿದ್ದ ಎರಡು ಬೋಲ್ಟುಗಳ ತಲೆಗಳು ನುಣ್ಣಗಿದ್ದವು, ಸ್ಪ್ಯಾನರ್ ಕೂರಲಿಲ್ಲ. ಕಳ್ಳರಿಗೆ ಸಿಗದಿರಲಿ ಅಂತ ಹೀಗೆ ಮಾಡಿರ್ತಾರೆ, ಕಷ್ಟ ಮಾತ್ರ ನಮ್ಮಂಥೋರಿಗೆ ಎಂದು ಗೊಣಗುತ್ತ ಛತ್ರಿ ಉಳಿ ಕೇಳಿದ.

"ಇಲ್ವಲ್ಲಯ್ಯಾ ಇಲ್ಲಿ" ಅಂದ ಗಂಡ.

"ಇದೆ ನೋಡಿ ಸಾರ್, ಸುತ್ತಿಗೆ ಪಕ್ಕ."

"ಸುತ್ತಿಗೆಯೂ ಕಾಣ್ತಿಲ್ಲ. ಮರೆತು ಬಂದಿದ್ದೀಯ ನೀನು."

ಛತ್ರಿ ತಿರುಗಿ ನೋಡಿದ. ಸುತ್ತಿಗೆ, ಉಳಿ ಎರಡೂ ಬಟ್ಟೆಯ ಎಡ ಅಂಚಿನಲ್ಲಿ, ಗಂಡನ ಕಾಲಿನಿಂದ ಗೇಣು ದೂರದಲ್ಲಿದ್ದವು. "ಸಾರ್ ತಮಾಷೆ ಜಾಸ್ತಿ" ಎಂದು ನಕ್ಕು ತಾನೇ ಎತ್ತಿಕೊಂಡ. ಆಮೇಲೆ ಇಕ್ಕಳ ಕೇಳಿದಾಗಲೂ ಅದೇ ಆಯಿತು. ಈ ಸಲ ನಗಲಿಲ್ಲ. ಉಳಿಯನ್ನು ಬೋಲ್ಟಿನ ಅಂಚಿಗೆ ಕೊಟ್ಟು ಸಣ್ಣಗೆ ತಟ್ಟುತ್ತ, ತಟ್ಟುತ್ತ, ಸುತ್ತಿಸಿ ಸುತ್ತಿಸಿ ಎರಡನ್ನೂ ಹೊರತೆಗೆದ. ಕೈಮುಷ್ಟಿಯಷ್ಟಿದ್ದ ಬೀಗ ಬಾಲದಂಥ ವೈರಿನ ಸಮೇತ ಅವನ ಅಂಗೈಗೆ ಬಂತು. ಅದಿದ್ದ ಜಾಗದಲ್ಲಿ ಒಂದು ತೂತು ಉಳಿಯಿತು.

ಕೈ ತೊಳೆಯಲು ನೀರು ಕೇಳಿಕೊಂಡು, ಬೀಗ ಹಿಡಿದೇ ಒಳಗೆ ಬಂದ ಛತ್ರಿಯ ಕಣ್ಣು ನೇರವಾಗಿ ಶೆಲ್ಫಿನ ಎಡತುದಿಗೇ ಹೋಯಿತು. ದಿನವಿಡೀ ಕೀಗಳನ್ನೇ ನೋಡುವವನು, ಬೇರೆಲ್ಲಿಗೆ ಹೋದೀತು? ಆಕೆಯ ಮುಖ ನೋಡಿದ. ಆಕೆ ತಡೆಯಲಿಲ್ಲ. ರಿಂಗು ಎತ್ತಿ, ಒಂದು ಕೀಯನ್ನು ಕೈಲಿದ್ದ ಬೀಗಕ್ಕೆ ತೂರಿಸಿ ತಿರುಗಿಸಿದ. ಬೀಗ ಟಕ್ಕೆಂದಿತು.

"ಇದೇನಮ್ಮಾ ಇದು?" ದನಿ ತಗ್ಗಿಸಿ ಕೇಳಿದ. "ಕೀ ಇಟ್ಕೊಂಡು ನನ್ನ ಯಾಕೆ ಕರೆಸಿದ್ರಿ?"

ತಾನು ಕರೆಸಲಿಲ್ಲ, ಅವರು ಕರೆಸಿದ್ದು, ಕೀಯನ್ನು ಅಲ್ಲಿಟ್ಟವರೂ ಅವರೇ ಎಂದಳು ಆಕೆ. "ಅವರಿಗೆ ಆ ಕಡೆ ಕಾಣಲ್ಲ. ಕಾಣಲ್ಲ ಅನ್ನೋದೂ ಅವರಿಗೆ ಗೊತ್ತಿಲ್ಲ."

ಛತ್ರಿ ಅಂಗಳದ ಕಡೆ ಒಮ್ಮೆ ನೋಡಿದ. ಸೋಮವಾರದ ವಿಷಯವನ್ನೂ ಆಕೆ ಚುಟುಕಾಗಿ ಹೇಳಿದಳು. ಅವನು ಸ್ವಲ್ಪ ಯೋಚಿಸಿ, ಬೀಗ ಒಳಗೆ ಕೆಟ್ಟುಹೋಗಿದೆ, ಬೇರೆ ಬೀಗ ಬರಲು ತಿಂಗಳಾದರೂ ಆಗುತ್ತದೆ ಎಂದು ಹೇಳಿಬಿಡಲೇ ಎಂದು ಕೇಳಿದ. ಆ ಮಾತು ಆಡುವಾಗ ತನ್ನ ಹೆಸರಿಗೆ ತಕ್ಕವನಂತೆಯೇ ಕಂಡ.

ಆಕೆಗೆ ಆಸೆಯಾಯಿತು. ಮೂರು ದಿನದಿಂದ ಒಂದು ಸುಳ್ಳೂ ಆಡದೆ ಬಂದಿದ್ದಳು. ಈ ಸುಳ್ಳನ್ನೂ ಆಡುವವನು ಬೇರೆಯವನೇ. ಆದರೆ ಗಾಡಿ ಇಲ್ಲವೆಂದರೆ ಗಂಡ, ಪಾಳಿಗೆ ಬಸ್ಸಿನಲ್ಲಿ ಹೋಗುವ ಅಳಿಯನ ಸ್ಕೂಟರು ಕೇಳುತ್ತಾನೆ. ಅದರ ಕೀಗಳು ಎರಡು ರಿಂಗಿನಲ್ಲಿವೆ, ಒಂದು ಕಾಣದೆ ಹೋದರೂ ಇನ್ನೊಂದು ಮಗಳ ಹತ್ತಿರವೇ ಇದೆ. ಬೀಗವನ್ನೂ ಕೀಯನ್ನೂ ಕೊಡುವಂತೆ ಕೈ ಚಾಚಿದಳು.

ಅಂಗಳದಲ್ಲಿ ಗಂಡ ಸ್ಟೂಲಿನ ಮೇಲೆ ಹಾಗೇ ಕೂತಿದ್ದ. ಛತ್ರಿ ಹಾಸಿದ್ದ ಬಟ್ಟೆಯ ಎಡ ಅಂಚಿನಲ್ಲಿ, ಸುತ್ತಿಗೆ ಇದ್ದ ಜಾಗದಲ್ಲೇ, ಆಕೆ ಕೀ ಸಿಕ್ಕಿಸಿದ ಬೀಗವನ್ನಿಟ್ಟಳು.

"ರೀ, ಕೀ ಸಿಕ್ತು."

"ಎಲ್ಲಿ?"

"ನಿಮ್ಮ ಮುಂದೇನೇ ಇಟ್ಟಿದ್ದೀನಿ."

ಆತ ಬಟ್ಟೆಯನ್ನು ನೋಡಿದ. ಸ್ಪ್ಯಾನರುಗಳನ್ನು ಸರಿಸಿ ನೋಡಿದ. ಕೆಲಸದ ಹೊತ್ತಲ್ಲಿ ಹುಡುಗಾಟ ಬೇಡ ಅಂದ.

"ಹುಡುಗಾಟ ಅಲ್ಲ. ಕತ್ತು ಎಡಕ್ಕೆ ತಿರುಗಿಸಿ." ಆಕೆಯ ದನಿ ಏರಲಿಲ್ಲ. "ಇನ್ನೂ. ಇನ್ನೂ ಸ್ವಲ್ಪ."

ಕತ್ತು ತಿರುಗುತ್ತ ಹೋಯಿತು. ಒಂದು ಕಡೆ ನಿಂತಿತು. ಗಂಡ ಬೀಗವನ್ನೇ ನೋಡಿದ. ಆಮೇಲೆ ಮುಖವನ್ನು ನೇರ ಮಾಡಿಕೊಂಡ. ಮತ್ತೆ ತಿರುಗಿಸಿದ. ಮತ್ತೆ ನೇರ ಮಾಡಿದ. ಬಾಗಿಲ ಸಂದಿಯಿಂದ ಇಣುಕಿ ಆಡುವ ಮಗುವಿನ ಹಾಗೆ ಇತ್ತು ಅದು, ಯಾರೂ ನಗಲಿಲ್ಲ.

"ಗುರುವಾರದಿಂದ ಎಲ್ಲಿತ್ತು ಇದು?"

"ಶೆಲ್ಫಿನ ಮೇಲೆ. ನೀವಿಟ್ಟ ಕಡೇನೇ."

"ಮತ್ತೆ ನೀನು ಸುಮ್ಮನೆ ನೋಡ್ತಾ ಇದ್ದೆ."

"ಹೂಂ."

ಸಿಟ್ಟು ಬರುತ್ತದೆಂದು ಆಕೆ ಕಾದಳು. ಆದರೆ ಆತ ಬೈಕಿನ ಹಿಂದಿನ ಸೀಟನ್ನು ನೋಡುತ್ತಿದ್ದ. ಸೋಮವಾರ ಮಗು ಹಿಂದೆ ಕೂತಿರುತ್ತಿತ್ತಲ್ಲ ಎಂಬರ್ಥದ ಏನನ್ನೋ ತನಗೆ ತಾನೇ ಅಂದುಕೊಂಡ.

ಛತ್ರಿ ಕೆಮ್ಮಿದ. ಈಗ ಏನು ಮಾಡಬೇಕು, ಬೀಗ ವಾಪಸ್ ಕೂರಿಸಲೇ ಎಂದು ಕೇಳಿದ.

"ಕೂರಿಸು. ಹ್ಯಾಂಡಲ್ ಲಾಕ್ ಮಾಡು. ಕೀ ಇವಳ ಕೈಗೆ ಕೊಡು."

"ಎರಡನ್ನೂ ಸಾರ್?"

"ಎರಡೂ ಒಂದೇ ರಿಂಗಲ್ಲಿದೆಯಲ್ಲಯ್ಯಾ."

ಸ್ಕೂಲಿಗೆ ಬೇರೆ ಏರ್ಪಾಡು ಮಾಡಿಕೊಳ್ಳಿ ಎಂದು ಮಗಳಿಗೆ ಫೋನು ಮಾಡಿದ್ದು ಗಂಡನೇ. ಕಾರಣ ಹೇಳಲಿಲ್ಲ, ಆಸ್ಪತ್ರೆಯಿಂದ ಬಂದು ಹೇಳುತ್ತೇನೆ ಅಂದ. ಆಟೊ ಬಂತು. ಆತ ಮೊದಲು ಹತ್ತಿ ಬಲಕ್ಕೆ ಸರಿದು ಕೂತ, ಆಕೆ ಎಡಕ್ಕೆ. ದೊಡ್ಡ ಸರ್ಕಲ್ಲಿನ ಹತ್ತಿರ ಎಡಗಡೆಯಿಂದ ಬಸ್ಸೊಂದು ಬಂದು, ಹಾರ್ನು ಹೊಡೆದು, ಆಟೊದ ಮುಂದೆಯೇ ದಾಟಿತು. ಗಂಡನ ಕೈ ಸೀಟಿನ ಮೇಲೆ ಎಡಕ್ಕೆ ತಡಕಿ, ಆಕೆಯ ಸೆರಗು ಸಿಕ್ಕಿದ ಮೇಲೆ ನಿಂತಿತು.

"ಹವಾಮಾನ ಇಲಾಖೆ ಏನನ್ನುತ್ತೆ?" ಎಂದು ಮುಂದೆ ನೋಡುತ್ತಲೇ ಕೇಳಿದ.

ಆಕೆ ಮಾತನ್ನು ಹುಡುಕಿದಳು. ಸುಳ್ಳಲ್ಲದ್ದು ಒಂದೇ ಸಿಕ್ಕಿತು.

"ಗೊತ್ತಿಲ್ಲ" ಅಂದಳು.