ಹುಲ್ಲಿಗೆ ಒಡೆದ ಬಳೆ

ಬಾಲರಾಜು ತನ್ನ ಅಣ್ಣನ ಹೆಣಕ್ಕೆ ನೀರು ಹುಯ್ಯುತ್ತಾ, ಮಡಿಸಿಕೊಂಡಿದ್ದ ಬೆರಳುಗಳನ್ನು ಬಿಡಿಸಲು ನೋಡಿದ. ಆಗಲಿಲ್ಲ. ಬದುಕಿದ್ದಾಗಲೇ ಆಗುತ್ತಿರಲಿಲ್ಲ, ಬಲೆ ಎಳೆದು ಎಳೆದು ಬೋರಲಿಂಗಯ್ಯನ ಬೆರಳು ಕೊಕ್ಕೆಯಾಗಿದ್ದವು. ಬೈರಾಪಟ್ಟಣದಲ್ಲಿ ರಾಗಿ ಬೆಳೆಯುತ್ತಿದ್ದವನ ಕೈಗೆ ಕಡಲಿನ ಬಲೆ ಸಿಕ್ಕಿದ್ದು ಯಾವ ಜನ್ಮದ ಕರ್ಮವೋ. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಜಗಲಿಯಲ್ಲಿ ಹೆಂಗಸರಿಗೆ ಬೇರೆಯದೇ ತಲೆನೋವು. ಹೆಣ ಎತ್ತುವ ಮುಂಚೆ ಹೆಂಡತಿಯ ಬಳೆ ಒಡೆಯಬೇಕು. ಕೆಂಚಮ್ಮನ ಕೈಯಲ್ಲಿ ಬಳೆಯೇ ಇಲ್ಲ.

"ಇವ್ಳ್ ಶಾಸ್ತ್ರ ಆವತ್ತೇ ಮುಗ್ದೋಗೈತೆ, ಬುಡ್ರವ್ವ," ಅಂದಳು ಸತ್ತವನ ಅಕ್ಕ.

*

ವರ್ಷಗಳ ಹಿಂದೆ, ಗಲ್ಫಿನ ಹಡಗಿನಲ್ಲಿ ಅಡುಗೆ ಕೆಲಸ ಎಂದು ಬೋರಲಿಂಗಯ್ಯನನ್ನು ಏಜೆಂಟ್ ಕರೆದೊಯ್ದಿದ್ದ. ಹತ್ತಿಸಿದ್ದು ಮೀನಿನ ದೋಣಿ. ಪಾಸ್‌ಪೋರ್ಟ್ ಕಿತ್ತುಕೊಂಡರು. ದೋಣಿ ದಡಕ್ಕೇ ಬರುತ್ತಿರಲಿಲ್ಲ. ಇನ್ನೊಂದು ಹಡಗು ಬಂದು ಮೀನು ಒಯ್ದು, ಅಕ್ಕಿ, ಡೀಸೆಲ್ ಕೊಟ್ಟು ಹೋಗುತ್ತಿತ್ತು. ಊರಿಗೆ ಕಳಿಸಿ ಎಂದವನಿಗೆ ರಾಡಿನ ಏಟು. ಇತ್ತ ವರ್ಷಗಟ್ಟಲೆ ಸುದ್ದಿಯಿಲ್ಲದೆ, ದೋಣಿ ಮುಳುಗಿತೆಂದು ಯಾರೋ ಹೇಳಿದ್ದನ್ನು ನಂಬಿ, ರಾಗಿಹುಲ್ಲಿನ ಬೊಂಬೆಗೆ ಅವನ ಅಂಗಿ ತೊಡಿಸಿ ಮಣ್ಣು ಮಾಡಿದರು. ಕೆಂಚಮ್ಮನ ಬಳೆ ಒಡೆದರು. ತಿಥಿಯ ಊಟವೂ ಆಯಿತು.

ಮರುವರ್ಷ ಬೋರಲಿಂಗಯ್ಯ ಬಂದೇಬಿಟ್ಟ. ಯಾವುದೋ ದೇಶದ ಕಾವಲುಪಡೆ ದೋಣಿ ಹಿಡಿದು ಬಿಡಿಸಿತ್ತು. ಹಿರಿಯರು ಕೂತು ಯೋಚಿಸಿ, ಮತ್ತೆ ತಾಳಿ ಕಟ್ಟಿಸಿಬಿಡಿ ಅಂದರು. ಅವನು ಒಪ್ಪಿದ. ಕೆಂಚಮ್ಮನಿಗೆ ನಾಚಿಕೆ, ಮಗಳು ಶ್ವೇತ ಮದುವೆ ವಯಸ್ಸಿಗೆ ಬಂದಿರುವಾಗ ತಾನು ಹಸೆಮಣೆ ಏರುವುದೇ? ಆಮೇಲೆ ನೋಡೋಣ ಅಂದಳು. ಆ ಆಮೇಲೆ ಬರಲೇ ಇಲ್ಲ. ಬಳೆ ಮಾರುವ ಹಾಜಿರಾ ಬಂದಾಗಲೆಲ್ಲ ಅವನು ಜಗಲಿಯಿಂದಲೇ, "ಅವ್ಳ್ ಕೈಗೂ ಒಸಿ ಹಾಕಮ್ಮ," ಅನ್ನುತ್ತಿದ್ದ. ಕೆಂಚಮ್ಮ ಸೆರಗಿನಲ್ಲಿ ಕೈ ಮುಚ್ಚಿಕೊಂಡು, "ಸುಮ್ಕಿರಿ, ಜನ ನಗ್ತಾರೆ," ಅನ್ನುತ್ತಿದ್ದಳು. ಜನ ನಕ್ಕಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

*

ಹೆಗಲು ಕೊಡುವವರು ಬಂದರು. ಕೆಂಚಮ್ಮ ಎದ್ದು ಬಂದು, ಹೆಂಗಸರ ನಡುವೆ ಕೂತಿದ್ದ ಹಾಜಿರಾಳ ಮುಂದೆ ಕೈ ಚಾಚಿದಳು.

"ಬಳೆ ತೊಡ್ಸು, ಹಾಜಿರಮ್ಮ."

ಒಡೆಯುವ ಹೊತ್ತಿನಲ್ಲಿ ಯಾರಾದರೂ ತೊಡುತ್ತಾರೆಯೇ ಎಂದು ಅಕ್ಕ ಗದರಿದಳು.

"ಆವತ್ತು ನೀವು ಒಡ್ದಿದ್ದು ಹುಲ್ಲಿಗೆ, ಅತ್ಗೆ. ಇವ್ರಿಗೋಸ್ಕರ ಇನ್ನೂ ಒಡ್ದಿಲ್ಲ."

ಹಾಜಿರಾ ಮನೆಗೆ ಹೋಗಿ ಹಸಿರು ಗಾಜಿನ ಬಳೆ ತಂದಳು. ಕೈ ಗಡುಸಾಗಿತ್ತು, ಹಿಂಡಿ ಹಿಂಡಿ ಒಂದೊಂದಾಗಿ ಏರಿಸಿದಳು. ಕೆಂಚಮ್ಮ ಗಂಡನ ಪಕ್ಕ ಕೂತು, ಅವನ ಕಿವಿಯ ಹತ್ತಿರ ಕೈ ಹಿಡಿದು ಬಳೆ ಆಡಿಸಿದಳು. ಒಡೆಯಲು ಕಲ್ಲು ಹಿಡಿದು ನಿಂತಿದ್ದ ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು. ಕೆಂಚಮ್ಮ ಇನ್ನೂ ಆಡಿಸುತ್ತಲೇ ಇದ್ದಳು.