ಬಲತುದಿಯ ಸೊನ್ನೆ

೨೦೨೨ರ ಮಾರ್ಚ್ ೧೪, ಸೋಮವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ವಿಶ್ವವಿದ್ಯಾಲಯದ ಸಂಶೋಧನಾ ಶಾಖೆಯ ಅಧೀಕ್ಷಕರಿಗೆ ತಾವು ಮಾಡಿದ ತಪ್ಪು ಗೊತ್ತಾಯಿತು. ಗೊತ್ತಾದದ್ದು ತಮ್ಮ ಕೋಣೆಯಲ್ಲಲ್ಲ. ಸರ್ಕಾರದ ಅನುದಾನ ಸಮಿತಿಯ ಐದು ಜನ ಉದ್ದ ಮೇಜಿನ ಸುತ್ತ ಕೂತು, ಈ ಅಧೀಕ್ಷಕರೇ ಸಿದ್ಧಪಡಿಸಿದ ಹಾಳೆಯನ್ನು ಓದುತ್ತಿದ್ದಾಗ.

ಅಧೀಕ್ಷಕರಿಗೆ ಆವರಣದಲ್ಲೆಲ್ಲ ‘ಕತ್ತರಿ’ ಎಂದೇ ಹೆಸರು. ಹತ್ತು ಪುಟದ ವರದಿಯನ್ನು ಒಂದು ಪುಟಕ್ಕೆ ಇಳಿಸಿ ಎಂದರೆ ಸಾಕು, ಅವರಿಗೆ ಹಾಲು ಕುಡಿದಷ್ಟು ಸಂತೋಷ. ಈ ಸಲ ಕೃತಕ ಮೊಣಕಾಲಿನ ಸವೆತದ ಯೋಜನೆಯ ವರದಿ ಕೈಗೆ ಬಂದಾಗ ೦.೧೨೦ ಎಂಬ ಸಂಖ್ಯೆ ಹನ್ನೊಂದು ಕಡೆ ಕಣ್ಣಿಗೆ ಬಿತ್ತು. ದಶಾಂಶದ ಬಲತುದಿಯ ಸೊನ್ನೆಗೆ ಬೆಲೆಯಿಲ್ಲ ಎಂದು ಅವರು ಐದನೇ ತರಗತಿಯಲ್ಲಿ ಕಲಿತಿದ್ದರು; ಮಗಳಿಗೂ ಅದನ್ನೇ ಹೇಳಿಕೊಟ್ಟಿದ್ದರು. ಹನ್ನೊಂದು ಕಡೆಯೂ ಸೊನ್ನೆ ಹಾರಿಹೋಯಿತು.

ಈಗ ಸಮಿತಿಯ ಅಧ್ಯಕ್ಷೆ ಪೆನ್ನಿನ ತುದಿಯಿಟ್ಟು ತೋರಿಸುತ್ತಿದ್ದುದು ಅದೇ ಸಂಖ್ಯೆಯನ್ನು. ಅವರು ನಿವೃತ್ತ ಎಂಜಿನಿಯರು. ಮಾತು ಮೆದುವಾದರೂ ಪಟ್ಟು ಸಡಿಲಿಸುವವರಲ್ಲ. ಮೊಣಕಾಲಿನ ಪ್ಲಾಸ್ಟಿಕ್ಕು ಹತ್ತು ಲಕ್ಷ ಹೆಜ್ಜೆಗೆ ೦.೧೨ ಮಿಲಿಮೀಟರ್ ಸವೆಯುತ್ತದೆಂದು ಹಳೆಯ ಪುಸ್ತಕಗಳಲ್ಲೇ ಇದೆಯಲ್ಲ, ಮೂರು ವರ್ಷ ಸರ್ಕಾರದ ದುಡ್ಡಿನಲ್ಲಿ ಅಳೆದು ನೀವೂ ಅದನ್ನೇ ಹೇಳಿದರೆ ಇನ್ನೆರಡು ವರ್ಷ ಯಾಕೆ ಕೊಡಬೇಕು ಎಂದು ಕೇಳಿದರು. ಕೊಡದಿದ್ದರೆ ಸವೆತ ಅಳೆಯುವ ಯಂತ್ರ ನಿಲ್ಲುತ್ತಿತ್ತು, ಎದುರಿಗೆ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿಯ ಶಿಷ್ಯವೇತನ ನಿಲ್ಲುತ್ತಿತ್ತು, ಅವಳ ಪಿಎಚ್.ಡಿ. ಅರ್ಧಕ್ಕೆ ಬೀಳುತ್ತಿತ್ತು. ಅವಳ ಮಾರ್ಗದರ್ಶಕರು ಪಕ್ಕದಲ್ಲೇ ಇದ್ದರು. ಆದರೆ ವಿದ್ಯಾರ್ಥಿಯೇ ಉತ್ತರಿಸಬೇಕೆಂಬುದು ಸಮಿತಿಯ ನಿಯಮ.

ಅವಳು ಹಾಳೆಯನ್ನು ನೋಡಿದಳು. ಒಮ್ಮೆ ತಲೆಯೆತ್ತಿ, ಹಿಂದಿನ ಸಾಲಿನಲ್ಲಿ ಕಡತಗಳ ಜೊತೆ ಕೂತಿದ್ದ ಕತ್ತರಿಯವರತ್ತ ನೋಡಿದಳು. ಅವಳು ದೃಷ್ಟಿ ಹಿಂತೆಗೆದುಕೊಂಡಳು.

“ಮೇಡಂ, ಅದು ೦.೧೨ ಅಲ್ಲ, ೦.೧೨೦. ಕೊನೇಲಿ ಒಂದು ಸೊನ್ನೆ ಇರಬೇಕು. ನಾವು ಮೂರು ವರ್ಷ ಮಾಡಿದ್ದು ಆ ಸೊನ್ನೇನೇ.”

ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ಬರೀ ೦.೧೨ ಎಂದರೆ ನಿಜವಾದ ಸವೆತ ೦.೧೧೫ರಿಂದ ೦.೧೨೫ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸೊನ್ನೆ ಸೇರಿದರೆ ಆ ಅನುಮಾನ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ ಎಂದು ವಿವರಿಸಿದಳು. ಹಳೆಯ ಅಳತೆಯಲ್ಲಾದರೆ ಹೊಸ ಪ್ಲಾಸ್ಟಿಕ್ಕು ವಾಸಿಯೋ ಅಲ್ಲವೋ ತಿಳಿಯಲು ರೋಗಿ ಅದನ್ನು ಹಾಕಿಕೊಂಡು ಐದು ವರ್ಷ ನಡೆಯಬೇಕು. ಈ ಅಳತೆಯಲ್ಲಿ ಆರು ತಿಂಗಳು ಸಾಕು.

ಮೂಲೆಯಲ್ಲಿದ್ದ ಸದಸ್ಯರೊಬ್ಬರು ಹಾಳೆ ಅಲ್ಲಾಡಿಸಿದರು. “ಎಲ್ಲಮ್ಮಾ ಇದೆ ಸೊನ್ನೆ? ಈಗ ತಾನೇ ಹುಟ್ಟಿತಾ?”

ಅವಳು ಸುಮ್ಮನಿದ್ದಳು. ಅವಳ ಮೌನ ತಮ್ಮ ಮಾನ ಕಾಯುತ್ತಿದೆ ಎಂದು ಕತ್ತರಿಯವರಿಗೆ ಅರ್ಥವಾಯಿತು. ಮಗಳ ವಯಸ್ಸಿನವಳು. ಅವರು ಎದ್ದು ನಿಂತರು.

“ತೆಗೆದವನು ನಾನು. ಬೆಲೆ ಇಲ್ಲ ಅಂದ್ಕೊಂಡೆ. ಅವಳ ಮೂಲ ಪ್ರತೀಲಿ ಸರಿಯಾಗೇ ಇದೆ.”

ಅಧ್ಯಕ್ಷೆ ಗದರಲಿಲ್ಲ. ಇಲ್ಲಿ ಕೂತವರಲ್ಲೂ ಅರ್ಧ ಜನ ಹಾಗೇ ಅಂದುಕೊಂಡಿದ್ದಾರೆ ಬಿಡಿ ಎಂದರು. ಆಮೇಲೆ ವಿದ್ಯಾರ್ಥಿನಿಯ ಕಡೆ ತಿರುಗಿ, ಬಾಯಲ್ಲಿ ಹೇಳಿದರೆ ಸಾಲದು, ಯಂತ್ರದ ಮುಂದೆ ತೋರಿಸು ಎಂದರು. ಒಂದು ಕೂದಲು, ಮೂರು ಸಲ ಅಳೆಯಬೇಕು. ದಶಾಂಶದ ಮೂರನೆಯ ಅಂಕಿ ಮೂರು ಸಲವೂ ಒಂದೇ ಬಂದರೆ ಎರಡು ವರ್ಷಕ್ಕೆ ಸಹಿ.

“ನಂದಕ್ಕೆ ಬಣ್ಣ ಹಚ್ಚಿದೆ, ಅದರ ದಪ್ಪಾನೂ ಸೇರ್ಕೊಳ್ಳುತ್ತೆ,” ಎಂದು ಅವರು ಕತ್ತರಿಯವರನ್ನು ನೋಡಿದರು. “ತೆಗೆಯೋದು ನಿಮಗೆ ಅಭ್ಯಾಸ ಅಲ್ವಾ, ಒಂದು ತೆಗೀರಿ.”

ಕತ್ತರಿಯವರ ತಲೆಯಲ್ಲಿ ಉಳಿದಿದ್ದವೇ ಕಿವಿಯ ಮೇಲೊಂದಿಷ್ಟು. ಅವರು ಹಲ್ಲು ಕಚ್ಚಿ ಒಂದನ್ನು ಕಿತ್ತುಕೊಟ್ಟರು.

ಪ್ರಯೋಗಾಲಯ ನೆಲಮಾಳಿಗೆಯಲ್ಲಿತ್ತು. ಅವಳು ಕೂದಲನ್ನು ಚಿಮುಟದಲ್ಲಿ ಹಿಡಿದು, ಸ್ಪಿರಿಟ್ಟಿನಲ್ಲಿ ಒರೆಸಿ, ಅಳೆಯಬೇಕಾದ ಜಾಗದ ಎರಡೂ ಪಕ್ಕ ಮಸಿಯ ಚುಕ್ಕಿಯಿಟ್ಟು, ಗಾಜಿನ ಮುಚ್ಚಳದಡಿ ಇಟ್ಟಳು. ನಂತರ ಕೈಕಟ್ಟಿ ನಿಂತುಬಿಟ್ಟಳು. ಬೆರಳಿನ ಬೆವರಿಗೆ ಕೂದಲು ಉಬ್ಬಿರುತ್ತದೆ, ಇಪ್ಪತ್ತು ನಿಮಿಷ ಕಾಯಬೇಕು. ಇಷ್ಟು ಜನರ ಮೈಕಾವಿಗೆ ಕೋಣೆ ಬಿಸಿಯಾಗುತ್ತದೆ, ಇಬ್ಬರು ಹೊರಗೆ ನಿಂತರೆ ಒಳ್ಳೆಯದು ಎಂದಳು. ಸೊನ್ನೆ ಕೇಳಿದ್ದ ಸದಸ್ಯರು ಗಡಿಯಾರ ನೋಡಿ, ತಾವು ರೈಲು ಹಿಡಿಯಬೇಕು ಎಂದರು.

“ಈಗಲೇ ಅಳೆದ್ರೆ ಅಂಕಿ ಬರುತ್ತೆ ಸರ್. ಅಳತೆ ಬರಲ್ಲ.”

ಗೊಣಗುತ್ತಲೇ ಅವರು ಇನ್ನೊಬ್ಬರ ಜೊತೆ ಹೊರಗೆ ಹೋದರು.

ಕತ್ತರಿಯವರಿಗೆ ಅವಳ ಮೊದಲ ವರ್ಷದ ನೆನಪಾಯಿತು. ಮಾರ್ಗದರ್ಶಕರು ಅವಳಿಂದ ಆರು ತಿಂಗಳು, ದಿನಾ ಬೆಳಗ್ಗೆ, ಒಂದೇ ಉಕ್ಕಿನ ತುಂಡನ್ನು ಅಳೆಸಿದ್ದರು. ಕಬ್ಬಿಣದ ತುಂಡನ್ನು ಮುದ್ದಾಡೋಕಾ ಶಿಷ್ಯವೇತನ ಎಂದು ಶಾಖೆಯಲ್ಲಿ ತಾವೇ ನಗೆಯಾಡಿದ್ದರು. ಈಗ ಆ ಕೈಗಳನ್ನು ನೋಡುತ್ತಿದ್ದರು. ಸಮಿತಿಯ ದೊಡ್ಡವರ ಮುಂದೆ, ಅವಳ ಎರಡು ವರ್ಷ ಒಂದು ಕೂದಲಿನ ಮೇಲೆ ನಿಂತಿದ್ದರೂ ಅವು ಒಂದಿಷ್ಟೂ ನಡುಗಲಿಲ್ಲ. ಸರ್ಕಾರ ಯಂತ್ರ ಕೊಂಡದ್ದಕ್ಕಿಂತ ಈ ಕೈಗಳನ್ನು ತಯಾರು ಮಾಡಿಸಿದ್ದು ದೊಡ್ಡ ಕೆಲಸ ಎಂದು ಅವರಿಗೆ ಅನ್ನಿಸಿತು.

ಮೊದಲನೆಯ ಸಲ ೦.೦೬೮. ಇಟ್ಟಲ್ಲೇ ಇಟ್ಟು ಮತ್ತೆ ಓದಿದರೆ ಅದು ಹೊಸ ಅಳತೆಯಾಗುವುದಿಲ್ಲವೆಂದು, ಯಾರೂ ಕೇಳದಿದ್ದರೂ, ಅವಳು ಕೂದಲನ್ನು ಪೂರ್ತಿ ತೆಗೆದು ಮತ್ತೆ ಕೂರಿಸಿದಳು. ಎರಡನೆಯ ಸಲವೂ ೦.೦೬೮. ಅಧ್ಯಕ್ಷೆ ಪೆನ್ನಿನ ಟೊಪ್ಪಿಗೆ ತೆಗೆದರು. ಅವಳು ಮತ್ತೆ ಕೂದಲು ತೆಗೆದಳು, ಮತ್ತೆ ಕಾದಳು, ಮತ್ತೆ ಕೂರಿಸಿದಳು. ಅವಳು ಪರದೆಯತ್ತ ಬಾಗಿ, ಎಲ್ಲರಿಗೂ ಕೇಳುವಂತೆ ಓದಿ, ಪುಸ್ತಕದಲ್ಲಿ ಬರೆದಳು: ೦.೦೬೮ ಮಿಲಿಮೀಟರ್.